ನಾಯಿಯನ್ನು ಬಿಟ್ಟು ಟೆಸ್ಟ್ ಡ್ರೈವ್ ಬೇಡ

"ನಾಯಿ ಒಳಗೆ ಬಿಡಲ್ಲ ಮೇಡಂ. ನೀವೆಲ್ಲಾ ಬನ್ನಿ, ಅದು ಹೊರಗಡೆ ಇರ್ಲಿ."

ತುಮಕೂರಿನ ಒಂದು ಕಾರು ಮಳಿಗೆಯ ಗಾಜಿನ ಬಾಗಿಲಲ್ಲಿ ಈ ಮಾತು ಕೇಳಿಸಿಕೊಂಡಾಗ ನಾವು ಆರು ಜನ ಇದ್ದೆವು. ಅಪ್ಪ, ಅಮ್ಮ, ಅಜ್ಜಿ, ತಮ್ಮ, ನಾನು, ಮತ್ತು ಕೆಂಚಿ. ಆರನೆಯವಳನ್ನು ಜನದ ಲೆಕ್ಕಕ್ಕೆ ಸೇರಿಸಿದ್ದಕ್ಕೆ ಯಾರಿಗಾದರೂ ಬೇಸರವಾದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಲ್ಲಿಸದಿದ್ದರೆ ಒಳ್ಳೆಯದು. ಯಾಕೆಂದರೆ ನನ್ನ ಜಗಳ ಇರುವುದೇ ಅವರ ಜೊತೆ.

ಜಗಳದ ವಿಷಯ ದೊಡ್ಡದೇನಲ್ಲ. ಕಾರು ಕೊಳ್ಳುವ ಮುಂಚೆ ಓಡಿಸಿ ನೋಡುವ ಶಾಸ್ತ್ರಕ್ಕೆ ನಾವು ಟೆಸ್ಟ್ ಡ್ರೈವ್ ಎನ್ನುತ್ತೇವೆ. ಆ ಹೆಸರಿನಲ್ಲೇ ಅರ್ಧ ಮೋಸ ಇದೆ. ಓಡಿಸುವವರು ಒಬ್ಬರು. ಮುಂದಿನ ಹತ್ತು ವರ್ಷ ಅದರಲ್ಲಿ ಕೂರುವವರು ಐದಾರು ಜನ. ಓಡಿಸುವವರಿಗೆ ಪರೀಕ್ಷೆ ಮಾಡುವ ಅವಕಾಶ, ಕೂರುವವರಿಗೆ ಸಿಹಿ ಹಂಚುವ ದಿನ ಫೋಟೊಕ್ಕೆ ನಿಲ್ಲುವ ಅವಕಾಶ. ಕಂತು ಕಟ್ಟುವುದು ಇಡೀ ಮನೆ, ಆರಿಸುವುದು ಮುಂದಿನ ಬಲಗಡೆಯ ಸೀಟು. ಇದನ್ನು ಬದಲಾಯಿಸಬೇಕು ಎನ್ನುವುದು ನನ್ನ ವಾದ. ಬದಲಾಯಿಸುವುದಕ್ಕೆ ಸುಲಭದ ಉಪಾಯ, ಮನೆಯ ನಾಯಿಯನ್ನು ಟೆಸ್ಟ್ ಡ್ರೈವಿಗೆ ಹತ್ತಿಸುವುದು. ತಮಾಷೆಗೆ ಹೇಳುತ್ತಿಲ್ಲ.

ಮೊದಲು ಕೆಂಚಿ ಯಾರು ಅಂತ ಹೇಳಬೇಕು. ನಮ್ಮದು ಕೋರ. ತುಮಕೂರಿನಿಂದ ಸಿರಾ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಸೆರಗಿನ ಊರು. ಹಳಬರು ಅದನ್ನು ಇನ್ನೂ ಪೂನಾ ರಸ್ತೆ ಎನ್ನುತ್ತಾರೆ, ಮೊನ್ನೆಮೊನ್ನೆಯವರೆಗೆ ಅದು ನಂಬರ್ 4, ಈಗ 48. ಪಕ್ಕದಲ್ಲೇ ವಸಂತನರಸಾಪುರದ ಕೈಗಾರಿಕಾ ಪ್ರದೇಶ. 2014ರಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟಿಸಿ ಹೋದ ಮೇಲೆ ಲಾರಿಗಳ ಓಡಾಟಕ್ಕೆ ಹಗಲು ರಾತ್ರಿ ಎಂಬ ಭೇದ ಉಳಿದಿಲ್ಲ. ಎರಡು ವರ್ಷದ ಹಿಂದೆ ಮಳೆಗಾಲದ ಒಂದು ರಾತ್ರಿ ಈ ರಸ್ತೆ ದಾಟುತ್ತಿದ್ದ ಕೆಂಚಿಗೆ ಒಂದು ಗಾಡಿ ಹೊಡೆಯಿತು. ತಮ್ಮ ಕಣ್ಣಾರೆ ಕಂಡ. ಬಿಳಿ ಬಣ್ಣದ, ಎತ್ತರದ ಮೂತಿಯ ಎಸ್‌ಯುವಿ. ನಿಲ್ಲಿಸಲಿಲ್ಲ.

ಆ ಹೊತ್ತಿನಲ್ಲಿ ಬಸ್ಸಿಲ್ಲ. ಆಟೋದವರಿಬ್ಬರು ಬರಲ್ಲ ಎಂದರು, ಒಬ್ಬರು ಫೋನ್ ಎತ್ತಲಿಲ್ಲ. ಕೊನೆಗೆ ಗೊಬ್ಬರದ ಚೀಲದಲ್ಲಿ ಸುತ್ತಿ, ಅಪ್ಪನ ಟಿವಿಎಸ್ ಮೇಲೆ ತಮ್ಮನ ಕಾಲುಗಳ ನಡುವೆ ಮಲಗಿಸಿಕೊಂಡು ತುಮಕೂರಿಗೆ ಒಯ್ದರು. ಪ್ರತಿ ಹಂಪಿಗೂ ಅವಳು ಕೂಗಿದ ಕೂಗನ್ನು ತಮ್ಮ ಇವತ್ತಿಗೂ ವಿವರಿಸುವುದಿಲ್ಲ. ಜೀವ ಉಳಿಯಿತು. ಹಿಂದಿನ ಎಡಗಾಲು ನೆಲಕ್ಕೆ ತಾಗಿದರೂ ಭಾರ ಹೊರುವುದಿಲ್ಲ. ಅದಾದ ಆರು ತಿಂಗಳಿಗೆ ಅಜ್ಜಿಯ ಎರಡೂ ಮಂಡಿ ಕೈಕೊಟ್ಟವು. ಹೀಗೆ ಮನೆಯಲ್ಲಿ ಇಬ್ಬರು ಎತ್ತರ ಹತ್ತಲಾರದವರು ಆದ ಮೇಲೆ ಕಾರಿನ ಮಾತು ಶುರುವಾದದ್ದು. ‘ನಾಯಿಗೋಸ್ಕರ ಕಾರಾ?’ ಎಂದು ನಕ್ಕ ನೆಂಟರಿಗೆಲ್ಲ ಅಮ್ಮ ಕೊಡುವ ಉತ್ತರ: "ನಾಯಿಗೂ ಕೂಡ."

ಮಳಿಗೆಗೆ ಮರಳುತ್ತೇನೆ. ಕೆಂಚಿಯನ್ನು ಹೊರಗೆ ಹೊಂಗೆ ಮರಕ್ಕೆ ಕಟ್ಟಿ ಒಳಗೆ ಹೋದೆವು. ಜಿಎಸ್‌ಟಿ ಇಳಿದಿದ್ದರಿಂದ ಒಳಗೆ ಸಂತೆಯಷ್ಟು ಜನ. ಸೇಲ್ಸಿನ ಹುಡುಗ ಸಂಭಾವಿತ. ಅಪ್ಪನಿಗೆ ಕಾಫಿ, ಅಜ್ಜಿಗೆ ಕುರ್ಚಿ, ತಮ್ಮನಿಗೆ ಕೀ. ಎಂಟು ತಿಂಗಳ ಹಿಂದೆ ಲೈಸೆನ್ಸ್ ಪಡೆದ ತಮ್ಮನಿಗೆ. ಆರು ವರ್ಷದಿಂದ ಗೆಳತಿಯರ, ಸಹಪಾಠಿಗಳ, ಒಮ್ಮೆ ನನ್ನ ಗೈಡ್ ಅವರ ಕಾರನ್ನೂ ಓಡಿಸಿದ ನನಗೆ ಕಾರಿನ ಬಣ್ಣಗಳ ಪಟ್ಟಿ ಕೊಟ್ಟ. ಏಳು ಕಿಲೋಮೀಟರ್ ದಾರಿ, ಅವರೇ ಆರಿಸಿದ್ದು: ಸರ್ವಿಸ್ ರಸ್ತೆ, ಹೆದ್ದಾರಿ, ಮೇಲ್ಸೇತುವೆ, ಒಂದು ಯು ಟರ್ನ್, ವಾಪಸ್. ರಂಗೋಲಿ ಬಿಡಿಸಬಹುದಾದಷ್ಟು ನುಣುಪು ರಸ್ತೆ. ಪಿಕಪ್ ನೋಡಿ ಸರ್, ಸ್ಕ್ರೀನ್ ನೋಡಿ ಸರ್, ಸನ್‌ರೂಫ್ ತೆಗೀಲಾ ಸರ್. ಹಿಂದೆ ಕೂತಿದ್ದ ಅಮ್ಮನನ್ನು ಒಂದು ಮಾತೂ ಕೇಳಲಿಲ್ಲ. ಅಜ್ಜಿ ಬರಲೇ ಇಲ್ಲ, ಹತ್ತಲು ಆಗಲಿಲ್ಲ. ‘ಡೆಲಿವರಿ ದಿನ ಸ್ಟೂಲ್ ಹಾಕಿ ಹತ್ತಿಸೋಣ ಅಜ್ಜಿ’ ಎಂದ ಹುಡುಗ.

ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಪದ್ಧತಿ ಇತ್ತು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ನನ್ನ ತಾತ ಹಳ್ಳಿಕಾರ್ ಜೋಡಿ ತಂದ ಕಥೆ ಅಜ್ಜಿಯ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಹಲ್ಲು ನೋಡಬೇಕು, ಸುಳಿ ನೋಡಬೇಕು, ಗೊರಸು ನೋಡಬೇಕು, ಇಷ್ಟು ಎಲ್ಲರೂ ಮಾಡುತ್ತಿದ್ದರು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವುದು ಆಮೇಲಿನ ಮಾತು. ತಾತ ಅದಕ್ಕೂ ಮುಂಚೆ ಎತ್ತುಗಳನ್ನು ಗಾಡಿಗೆ ಹೂಡಿಸಿದ. ಖಾಲಿ ಗಾಡಿಗಲ್ಲ. ಎರಡು ಮೂಟೆ ಹೇರಿಸಿ, ಮೇಲೆ ಬಸುರಿ ಹೆಂಡತಿಯನ್ನು ಕೂರಿಸಿ, ಜಾತ್ರೆ ಬಯಲಿನ ಪಕ್ಕದ ಹಳ್ಳಕ್ಕೆ ಇಳಿಸಿ ಹತ್ತಿಸಿದ. ‘ಹೆಂಗಿತ್ತು?’ ಅಂತ ಕೇಳಿದ್ದು ಎತ್ತು ಮಾರುವವನನ್ನಲ್ಲ, ಅಜ್ಜಿಯನ್ನು. "ಬಲಗಡೇದು ಜಗ್ತದೆ, ಬ್ಯಾಡ" ಅಂದಳಂತೆ. ಆ ಜೋಡಿ ಬಿಟ್ಟು ಬೇರೆ ಜೋಡಿ ತಂದರು.

ಆ ಗಾಡಿಯಲ್ಲಿ ನಾಯಿಗೂ ಜಾಗವಿತ್ತು. ಗಾಡಿಯ ಅಡಿಯಲ್ಲಿ, ನೆರಳಲ್ಲಿ. ಗಾಡಿ ಕೆಳಗೆ ನಡೆಯುವ ನಾಯಿ ತಾನೇ ಗಾಡಿ ಎಳೆಯುತ್ತಿದ್ದೇನೆ ಎಂದುಕೊಂಡಂತೆ ಎಂದು ಜಂಬದವರನ್ನು ಆಡಿಕೊಳ್ಳುವ ಮಾತು ಹುಟ್ಟಿದ್ದೇ ಅಲ್ಲಿಂದ. ಗಾದೆ ಮಾಡಿದವರು ನಾಯಿಯನ್ನು ಹಂಗಿಸಿದರು, ನಿಜ. ಆದರೆ ಗಾಡಿ ಎಂಬ ಚಿತ್ರದೊಳಗೆ ನಾಯಿ ಸಹಜವಾಗಿ ಇತ್ತು ಎನ್ನುವುದಕ್ಕೂ ಅದೇ ಗಾದೆ ಸಾಕ್ಷಿ. ಈಗಿನ ಗಾಡಿಯ ಅಡಿಯಲ್ಲಿ ನೆರಳಿಲ್ಲ. ಒಳಗೆ ಹತ್ತಿಸಬೇಕು, ಇಲ್ಲದಿದ್ದರೆ ಅಡಿಗೆ ಬೀಳುತ್ತದೆ. ನಡುವೆ ಇದ್ದ ಜಾಗವನ್ನು ನಾವೇ ತೆಗೆದುಹಾಕಿದ್ದೇವೆ.

ಈ ಕಾಂಪ್ಯಾಕ್ಟ್ ಎಸ್‌ಯುವಿ ಎನ್ನುವ ಜಾತಿ ಹುಟ್ಟಿದ ಕಥೆ ಗೊತ್ತಿದ್ದರೆ ಹಿಂದಿನ ಸೀಟಿನ ಅನಾಥತನ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು 24ರಿಂದ 16 ಶೇಕಡಕ್ಕೆ ಇಳಿಸಿದರು. ಸಣ್ಣ ಕಾರು ಎಂದರೆ ಯಾವುದು? ಉದ್ದ 4 ಮೀಟರ್ ಮೀರಬಾರದು, ಎಂಜಿನ್ ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿಯೊಳಗಿರಬೇಕು. ಅಲ್ಲಿಂದ ಮುಂದೆ ನಮ್ಮ ಕಾರುಗಳ ಅಳತೆಯನ್ನು ಎಂಜಿನಿಯರುಗಳ ಜೊತೆ ತೆರಿಗೆಯ ಪುಸ್ತಕವೂ ಬರೆಯತೊಡಗಿತು. 2008ರಲ್ಲಿ ಟಾಟಾದವರು ಇಂಡಿಗೊ ಕಾರಿನ ಬಾಲ ಮೊಟಕು ಮಾಡಿ ಇಂಡಿಗೊ ಸಿಎಸ್ ತಂದರು. 2012ರಲ್ಲಿ ಮಹೀಂದ್ರದವರು ನಾಲ್ಕೂವರೆ ಮೀಟರಿನ ಝೈಲೊವನ್ನು ಕತ್ತರಿಸಿ ಕ್ವಾಂಟೊ ಮಾಡಿದರು. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ ಮಾರುತಿಯ ವಿಟಾರಾ ಬ್ರೆಝಾ, 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಹ್ಯುಂಡೈ ವೆನ್ಯೂ, 2020ರಲ್ಲಿ ಕಿಯಾ ಸೋನೆಟ್. ಇವುಗಳ ಉದ್ದ ನೋಡಿ: ಹೆಚ್ಚಿನವು 3995 ಮಿಲಿಮೀಟರ್. ಗೆರೆಗೆ ಐದು ಮಿಲಿಮೀಟರ್ ಬಿಟ್ಟು ನಿಂತ ಮಕ್ಕಳ ಹಾಗೆ. 2025ರ ಸೆಪ್ಟೆಂಬರ್ 22ರಿಂದ ಈ ಗೆರೆಯ ಒಳಗಿನವಕ್ಕೆ ಜಿಎಸ್‌ಟಿ ಶೇಕಡ 18, ಹೊರಗಿನವಕ್ಕೆ 40.

ಕಡಿಮೆ ತೆರಿಗೆಗೆ ನನ್ನ ತಕರಾರಿಲ್ಲ, ನಮ್ಮಂಥವರು ಕಾರಿನ ಕನಸು ಕಾಣುವುದೇ ಅದರಿಂದ. ಆದರೆ ಕತ್ತರಿ ಎಲ್ಲಿ ಬಿತ್ತು ಅಂತ ಕೇಳಬೇಕಲ್ಲವೆ? ಎಂಜಿನನ್ನು ಮೊಟಕು ಮಾಡಲಾಗದು, ಸ್ಟಿಯರಿಂಗ್ ಹಿಂದಿನ ಕಾಲುಗಳನ್ನು ಮಡಚಲಾಗದು. ಇಂಡಿಗೊದಲ್ಲೂ ಕ್ವಾಂಟೊದಲ್ಲೂ ಕತ್ತರಿ ಬಿದ್ದದ್ದು ಹಿಂಭಾಗಕ್ಕೆ. ಆಮೇಲೆ ಬಂದ ಕಾರುಗಳನ್ನು ಹುಟ್ಟಿನಿಂದಲೇ ಈ ಅಳತೆಗೆ ರೂಪಿಸಿದರು, ಕೆಲವು ಜಾಣತನದಿಂದ ರೂಪಿಸಿದರು. ಆದರೂ ಜಾಗ ಉಳಿಸುವ ಒತ್ತಡ ಇರುವುದು ಹಿಂದೆಯೇ. ಹಾಗಿರುವಾಗ ಪರೀಕ್ಷೆ ನಡೆಯಬೇಕಾದದ್ದೂ ಹಿಂದೆಯೇ ತಾನೆ? ನಡೆಯುವುದು ಮುಂದೆ.

ಇನ್ನು ಯೂಟ್ಯೂಬಿನ ಕಾರು ಪಂಡಿತರು. ನೂರು ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು, ಪರದೆ ಎಷ್ಟಿಂಚು, ಎಷ್ಟು ಸ್ಪೀಕರು. ಒಬ್ಬರೂ ಹಿಂದಿನ ಬಾಗಿಲ ಹೊಸ್ತಿಲು ನೆಲದಿಂದ ಎಷ್ಟು ಎತ್ತರ ಅಂತ ಟೇಪು ಹಿಡಿದದ್ದನ್ನು ನಾನು ನೋಡಿಲ್ಲ. ಇವರನ್ನು ಇಲ್ಲಿಗೆ ಬಿಡುತ್ತೇನೆ.

ಜಾಹೀರಾತಿನವರನ್ನು ಬಿಡಲಾರೆ. ಕಾರು ಮಳಿಗೆಗಳಿಗೆ ನಾಯಿ ಆಗುವುದಿಲ್ಲ ಎಂದುಕೊಂಡರೆ ತಪ್ಪು. ಅವತ್ತು ನನ್ನ ಕೈಗೆ ಬಂದ ಬಣ್ಣದ ಹಾಳೆಯಲ್ಲೇ ಒಂದು ನಾಯಿ ಇತ್ತು. ಬಂಗಾರದ ಕೂದಲಿನದು, ಡಿಕ್ಕಿಯಲ್ಲಿ ಕೂತು ಸಮುದ್ರ ನೋಡುತ್ತಿತ್ತು. ಪಕ್ಕದಲ್ಲಿ ಅಪ್ಪ, ಅಮ್ಮ, ಒಬ್ಬ ಮಗ, ಒಬ್ಬ ಮಗಳು. ಅಜ್ಜಿ ಇಲ್ಲ. ಹಾಳೆಯಲ್ಲಿರುವ ನಾಯಿಗೆ ಒಳಗೆ ಜಾಗ, ಹೊಂಗೆ ಮರದಡಿ ಇರುವ ನಾಯಿಗೆ ಇಲ್ಲ. ಹುಡುಗನಿಗೆ ತೋರಿಸಿ ಕೇಳಿದೆ. "ಅದು ಬ್ರೀಡ್ ನಾಯಿ ಮೇಡಂ" ಅಂದ. ನಾನು ನಗಲಿಲ್ಲ. ಅವನೂ ವ್ಯಂಗ್ಯಕ್ಕೆ ಹೇಳಿರಲಿಲ್ಲ.

ನಮ್ಮ ಭಾಷೆಯಲ್ಲಿ ಕೆಂಚಿಯಂಥವರಿಗೆ ಇರುವ ಹೆಸರು ‘ಕಂತ್ರಿ’. ಬಿಳಿಯರ ‘ಕಂಟ್ರಿ’ಯಿಂದ ಬಂದದ್ದು ಎನ್ನುತ್ತಾರೆ. ನಾಡಿನದು ಎಂಬ ಅರ್ಥದ ಪದವನ್ನು ನಾವು ಬೈಗುಳ ಮಾಡಿಕೊಂಡೆವು, ಮನುಷ್ಯರಿಗೂ ಬಳಸತೊಡಗಿದೆವು. ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. ಸಂತೋಷವೇ. ಅದಕ್ಕೆ ಘೋರ್ಪಡೆ ಅರಸರ ಹೆಸರು, ಲಂಡನ್ನಿಗೆ ಹೋದ ಕಥೆ, ಒಂದು ವಂಶಾವಳಿ ಇದೆ. ವಂಶಾವಳಿ ಇಲ್ಲದ್ದಕ್ಕೆ ಹೊಂಗೆ ಮರ. 2022ರಲ್ಲಿ ‘777 ಚಾರ್ಲಿ’ ನೋಡಿ ಥಿಯೇಟರಿನಲ್ಲಿ ಅತ್ತವರಲ್ಲಿ ನಾನೂ ಒಬ್ಬಳು. ಬೈಕಿನ ಪಕ್ಕದ ತೊಟ್ಟಿಲಲ್ಲಿ ನಾಯಿಯನ್ನು ಕೂರಿಸಿಕೊಂಡು ಧರ್ಮ ಹಿಮಾಲಯಕ್ಕೆ ಹೊರಟದ್ದು ಕನ್ನಡಿಗರು ಮರೆಯದ ಚಿತ್ರ. ಆ ತೊಟ್ಟಿಲಲ್ಲಿ ಕೂತಿದ್ದೂ ಲ್ಯಾಬ್ರಡಾರೇ ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ಧರ್ಮ ಎಂದ ಮೇಲೆ ಧರ್ಮರಾಯ ಬರಲೇಬೇಕು. ನಾಯಿಗೆ ಗಾಡಿಯಲ್ಲಿ ಜಾಗ ನಿರಾಕರಿಸಿದ ಮೊದಲ ದೊಡ್ಡ ಪ್ರಕರಣ ಮಹಾಪ್ರಸ್ಥಾನ ಪರ್ವದ್ದು. ಕುಮಾರವ್ಯಾಸ ಅಲ್ಲಿಯವರೆಗೆ ಬರೆಯಲಿಲ್ಲ, ಗದಾಪರ್ವಕ್ಕೇ ನಿಲ್ಲಿಸಿದ. ಉಳಿದದ್ದನ್ನು ಪೂರ್ತಿ ಮಾಡಿದವನು ತಿಮ್ಮಣ್ಣ ಕವಿ. ಇಂದ್ರ ರಥ ತಂದು ಹತ್ತು ಎನ್ನುತ್ತಾನೆ, ನಾಯಿ ಬಿಟ್ಟು ಹತ್ತು ಎನ್ನುತ್ತಾನೆ. ಯುಧಿಷ್ಠಿರ ಹತ್ತುವುದಿಲ್ಲ. ಇಲ್ಲಿಯವರೆಗೆ ಕಥೆ ನನಗೆ ಪ್ರಾಣ. ಆಮೇಲೆ ಆ ನಾಯಿ ಸಾಕ್ಷಾತ್ ಧರ್ಮದೇವತೆ ಎಂದು ಗೊತ್ತಾಗುವ ಭಾಗದಲ್ಲಿ ನನಗೆ ಯಾವಾಗಲೂ ಸ್ವಲ್ಪ ಮೋಸವಾದಂತೆ ಅನ್ನಿಸುತ್ತದೆ. ನಾಯಿಗೆ ರಥ ಸಿಗಬೇಕಾದರೆ ಅದು ದೇವರಾಗಬೇಕಿತ್ತೆ? ಬರೀ ನಾಯಿಯಾಗಿದ್ದರೆ? ಕೆಂಚಿ ಬರೀ ನಾಯಿ. ಕೋಳಿ ಕದಿಯುತ್ತಾಳೆ.

ನನ್ನ ವಾದವನ್ನು ವಿಶ್ವವಿದ್ಯಾನಿಲಯದ ಕ್ಯಾಂಟೀನಿನಲ್ಲಿ ಮಂಡಿಸಿದಾಗ ನನ್ನಂತೆಯೇ ಪಿಎಚ್.ಡಿ. ಮಾಡುತ್ತಿರುವ ಗೆಳೆಯನೊಬ್ಬ ತಟ್ಟೆಯಿಂದ ತಲೆಯೆತ್ತದೆ ಹೇಳಿದ: "ಮಹಾಡದ ಕೆರೆ ನೀರನ್ನ ನಾಯಿ ಕುಡೀಬಹುದಿತ್ತು, ನಮ್ಮವರು ಮುಟ್ಟೋ ಹಾಗಿರಲಿಲ್ಲ. 1927. ನೆನಪಿಟ್ಕೊಂಡು ಬರಿ." ಆಮೇಲೆ ಕೇಳಿದ, "ನಿಮ್ಮ ತೋಟದ ಕೆಲಸಕ್ಕೆ ಬರೋರು ಆ ಹಿಂದಿನ ಸೀಟಲ್ಲಿ ಕೂರ್ತಾರಾ?"

ಈ ಬರಹದಲ್ಲಿ ನನಗೆ ಕಷ್ಟವಾದ ಜಾಗ ಇದು. ನಾಯಿಯನ್ನು ಮುದ್ದಿಸುತ್ತಾ ಮನುಷ್ಯರನ್ನು ಹೊರಗಿಡುವುದರಲ್ಲಿ ನಮ್ಮ ದೇಶಕ್ಕೆ ಬಹಳ ಅಭ್ಯಾಸವಿದೆ. ಪ್ರಾಣಿದಯೆ ಎಂಬುದು ಎಷ್ಟೋ ಸಲ ಮನುಷ್ಯರ ಬಗ್ಗೆ ಯೋಚಿಸದಿರಲು ಸಿಗುವ ರಜೆ. ನನ್ನ ಸಂಶೋಧನೆಯ ವಿಷಯ ಕನ್ನಡ ಕಾದಂಬರಿಗಳಲ್ಲಿ ಪ್ರಾಣಿಗಳು. ‘ಮಲೆಗಳಲ್ಲಿ ಮದುಮಗಳು’ ಓದಿದವರಲ್ಲಿ ಎಷ್ಟೋ ಜನ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋದ ಹುಲಿಯನನ್ನು ನೆನೆದು ಮರುಗುತ್ತಾರೆ. ಹುಲಿಯನ ಒಡೆಯ ಗುತ್ತಿ ಯಾರ ಮನೆಯ ಜಗಲಿಯನ್ನು ಹತ್ತುವಂತಿರಲಿಲ್ಲ ಎಂಬುದನ್ನು ಅಷ್ಟೇ ಬೇಗ ಮರೆಯುತ್ತಾರೆ. ಗೆಳೆಯನ ಪ್ರಶ್ನೆಯನ್ನು ಅವತ್ತು ರಾತ್ರಿ ಊಟದ ಹೊತ್ತಿನಲ್ಲಿ ಮನೆಯಲ್ಲಿ ಕೇಳಿದೆ. ಅಮ್ಮ "ಕೂರ್ತಾರೆ ಬಿಡೇ, ಅದ್ರಲ್ಲೇನು" ಎಂದಳು. ಅಪ್ಪ ಏನೂ ಹೇಳಲಿಲ್ಲ, ಮುದ್ದೆ ಮುರಿಯುತ್ತಾ ಕೂತ. ಆ ಮೌನವನ್ನು ಇಲ್ಲಿ ದಾಖಲಿಸುತ್ತೇನೆ. ನಾಯಿಗೆ ಸೀಟು ಕೇಳುವ ನನ್ನ ವಾದ ಆ ಮೌನವನ್ನು ಮುರಿಯದೆ ಪೂರ್ತಿಯಾಗುವುದಿಲ್ಲ. ಆದರೆ ಅದಕ್ಕಾಗಿ ವಾದವನ್ನು ಕೈಬಿಡುವುದೂ ಇಲ್ಲ. ಹಿಂದಿನ ಸೀಟು ಯಾರದು ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಎಬ್ಬಿಸಿದ್ದೇ ಕೆಂಚಿ. ಅವಳನ್ನು ಮರಕ್ಕೆ ಕಟ್ಟಿ ಬಂದಿದ್ದರೆ ಅಪ್ಪನ ಮೌನವೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಅಂದಹಾಗೆ, ಈ ವಿಷಯದಲ್ಲಿ ನಮ್ಮ ಕೆಂಪು ಬಸ್ಸು ಖಾಸಗಿ ಕಾರಿಗಿಂತ ಮುಂದಿದೆ. ಕೆಎಸ್‌ಆರ್‌ಟಿಸಿಯವರು 2022ರಿಂದ ಸಾಮಾನ್ಯ ಬಸ್ಸುಗಳಲ್ಲಿ ನಾಯಿಗೆ ಅರ್ಧ ಟಿಕೆಟ್ ಮಾಡಿದರು. 2024ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳ ಕೈಯಲ್ಲಿದ್ದ ನಾಲ್ಕು ಲವ್‌ಬರ್ಡುಗಳಿಗೆ 444 ರೂಪಾಯಿ ಟಿಕೆಟ್ ಹರಿದ ಸುದ್ದಿ ಓದಿ ಎಲ್ಲರೂ ನಕ್ಕರು. ನನಗೆ ಅದರಲ್ಲಿ ಒಂದು ಘನತೆ ಕಂಡಿತು. ಟಿಕೆಟ್ ಹರಿದ ಮೇಲೆ ಹಕ್ಕಿಯೂ ಪ್ರಯಾಣಿಕನೇ. ರಾತ್ರಿ ಹತ್ತಕ್ಕೂ ಕೋರದಲ್ಲಿ ಬಸ್ಸು ನಿಲ್ಲುವಂತಿದ್ದರೆ ನಾವು ಕಾರಿನ ಆಸೆಯನ್ನೇ ಬಿಡುತ್ತಿದ್ದೆವೇನೋ.

ಎರಡನೇ ಮಳಿಗೆಗೆ ನಾವು ಹೋಗಲಿಲ್ಲ, ಅವರನ್ನೇ ಮನೆಗೆ ಕರೆದೆವು. ಕೇಳಿದರೆ ಮನೆ ಬಾಗಿಲಿಗೆ ಕಾರು ತರುತ್ತಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಾಯಿ ಇದೆ ಎಂದು ಫೋನಿನಲ್ಲೇ ಹೇಳಿದ್ದೆ. ಬಂದ ಹುಡುಗ ಸಿರಾ ಕಡೆಯವನು. ಅಂಗಳದಲ್ಲಿ ಕಾರು ನಿಲ್ಲಿಸಿ ಕೆಂಚಿಯನ್ನು ಒಮ್ಮೆ, ಹೊಸ ಸೀಟನ್ನು ಒಮ್ಮೆ ನೋಡಿದ. "ನಮ್ಮನೇಲೂ ಎರಡವೆ ಮೇಡಂ. ಆದ್ರೆ ಸಂಜೆ ಇದೇ ಗಾಡೀಲಿ ಇನ್ನೊಬ್ರು ಕಸ್ಟಮರ್ ಕೂರ್ಬೇಕು" ಎಂದ. ಅವನ ಮಾತು ನ್ಯಾಯವಾದದ್ದು. ಕೂದಲಿಗೆ ಕೆಮ್ಮುವವರು ಇರುತ್ತಾರೆ, ಹೆದರುವವರು ಇರುತ್ತಾರೆ. ಸೀಟಿನ ತುಂಬ ಜಮಖಾನ ಹಾಸಿದೆವು, ಬಾಗಿಲಿಗೆ ಹಳೆಯ ಸೀರೆ ಇಳಿಬಿಟ್ಟೆವು, ಕೆಂಚಿಗೆ ಹೊಟ್ಟೆಪಟ್ಟಿ ಕಟ್ಟಿ ಅದನ್ನು ಸೀಟ್ ಬೆಲ್ಟಿನ ಕೊಂಡಿಗೆ ಸಿಕ್ಕಿಸಿದೆವು. ಕುತ್ತಿಗೆಯ ಬೆಲ್ಟಿಗೆ ಅಲ್ಲ, ಬ್ರೇಕ್ ಹಾಕಿದರೆ ಕುತ್ತಿಗೆ ಮುರಿಯುತ್ತದೆ. ಈ ಕಟ್ಟುವ ಕೆಲಸ ಶೋಕಿಯದಲ್ಲ. ಕೆಂಚಿಯ ತೂಕ 18 ಕೆ.ಜಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಏನಕ್ಕಾದರೂ ಗುದ್ದಿ ನಿಂತರೆ ಆ 18 ಕೆ.ಜಿ. ಹತ್ತು ಮೀಟರ್ ಎತ್ತರದಿಂದ ಬಿದ್ದಷ್ಟು ಬಲದಲ್ಲಿ ಮುಂದಿನವರ ತಲೆಗೆ ಬಡಿಯುತ್ತದೆ. ಮೂರನೇ ಮಹಡಿಯಿಂದ ಎಸೆದ ಹಾಗೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯಲ್ಲಿ ನಾಯಿಯನ್ನು ಕಟ್ಟಿಯೇ ಕೂರಿಸಬೇಕೆಂಬ ನಿಯಮ ಇದೆ. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಾಣಿಗೆ ವಿನಾಕಾರಣ ನೋವಾಗುವಂತೆ ಸಾಗಿಸುವುದನ್ನು ಅಪರಾಧ ಎನ್ನುತ್ತದೆ. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ನಾಯಿ ಕೂರಿಸಿಕೊಂಡು ರೀಲ್ಸ್ ಮಾಡುವವರು ಏರ್‌ಬ್ಯಾಗ್ ಉಬ್ಬುವ ವೇಗವನ್ನು ಒಮ್ಮೆ ನೆನೆಯಬೇಕು.

ಅಪ್ಪ, ತಮ್ಮ ಅಂಗಳದಲ್ಲಿ ನಿಂತರು. ಹಿಂದೆ ಅಮ್ಮ, ಅಜ್ಜಿ, ನಡುವೆ ಕೆಂಚಿ. ಪಕ್ಕದಲ್ಲಿ ಹುಡುಗ. ಸ್ಟಿಯರಿಂಗ್ ನನ್ನದು.

ಹೊರಡುವ ಮುಂಚೆಯೇ ಅರ್ಧ ಪರೀಕ್ಷೆ ಮುಗಿದಿತ್ತು. ಎರಡು ಅಡಿ ಎತ್ತರದ ಡಿಕ್ಕಿಯ ತುಟಿಗೆ ಕೆಂಚಿ ಮುಂಗಾಲಿಟ್ಟು ನಿಂತಳೇ ಹೊರತು ಹಾರಲಿಲ್ಲ. ಅಜ್ಜಿ ಹಿಂದಿನ ಬಾಗಿಲ ಹೊಸ್ತಿಲಿಗೆ ಒಂದು ಕಾಲಿಟ್ಟು ನಿಂತದ್ದೂ ಅದೇ ಭಂಗಿಯಲ್ಲಿ. ಎಸ್‌ಯುವಿಯ ನೆಲದಿಂದೆತ್ತರ ಎಂದು ಮೆರೆಯುವುದನ್ನು, 200 ಮಿಲಿಮೀಟರ್ ಆಸುಪಾಸಿನ ಆ ಹೆಮ್ಮೆಯನ್ನು, ಹಳ್ಳ ದಿಣ್ಣೆ ದಾಟುವ ಎಂಜಿನ್ನಿನ ಹೊಟ್ಟೆ ಅನುಭವಿಸುತ್ತದೆ. ಮುದುಕಿಯ ಮಂಡಿಗೆ ಅದು ಬೆಟ್ಟ. ಕೊಟ್ಟಿಗೆಯಿಂದ ಎರಡು ಇಟ್ಟಿಗೆ ತಂದು ಹಾಕಿದ ಮೇಲೆ ಇಬ್ಬರೂ ಹತ್ತಿದರು. ಇನ್ನೊಂದು ವಿಷಯ ನನಗೆ ಸ್ಟಿಯರಿಂಗ್ ಮುಂದೆ ಕೂತಾಗ ಹೊಳೆಯಿತು. ಕೆಂಚಿಯನ್ನು ಇಳಿಸಿ, ತಮ್ಮನ ಕೈಯಲ್ಲಿ ಹಿಡಿಸಿ, ಕಾರಿನ ಮೂತಿಗೆ ತಾಗಿದಂತೆ ನಿಲ್ಲಿಸಲು ಹೇಳಿದೆ. ಕಾಣಲಿಲ್ಲ. ಒಂದು ಹೆಜ್ಜೆ ಹಿಂದಕ್ಕೆ ಎಂದೆ. ಇಲ್ಲ. ಎರಡು, ಮೂರು. ನಾಲ್ಕನೇ ಹೆಜ್ಜೆಗೆ ಬಾನೆಟ್ಟಿನ ಅಂಚಿನಲ್ಲಿ ಎರಡು ಕಿವಿ ಎದ್ದವು. ತಮ್ಮ ನನ್ನನ್ನೇ ನೋಡುತ್ತಿದ್ದ. ಎರಡು ವರ್ಷದ ಹಿಂದಿನ ಆ ಬಿಳಿ ಗಾಡಿಯವನಿಗೂ ಇಷ್ಟೇ ಕಂಡಿತ್ತೇನೋ, ಇಷ್ಟೂ ಕಂಡಿರಲಿಲ್ಲವೇನೋ. ನಿಲ್ಲಿಸದೆ ಹೋದದ್ದನ್ನು ನಾನು ಈಗಲೂ ಕ್ಷಮಿಸುವುದಿಲ್ಲ. ಆದರೆ ಅವತ್ತಿನಿಂದ ನನ್ನ ಸಿಟ್ಟು ಅವನೊಬ್ಬನ ಮೇಲೆ ಮಾತ್ರ ಇಲ್ಲ. ಅಂಥದೇ ಮೂತಿಯನ್ನು ಕೊಳ್ಳಲು ಹೊರಟವಳು ನಾನು. ನಿಮ್ಮ ಮನೆಯಲ್ಲಿ ಎರಡು ವರ್ಷದ ಮಗುವಿದ್ದರೆ ಈ ಪರೀಕ್ಷೆಯನ್ನು ತಪ್ಪದೆ ಮಾಡಿ. ಎಂಜಿನ್ ಆಫ್ ಮಾಡಿ, ಕೀ ತೆಗೆದು.

ಕೋರದೊಳಗಿನ ರಸ್ತೆ, ಹಂಪು, ಮಣ್ಣುದಾರಿ, ಆಮೇಲೆ ಹೆದ್ದಾರಿ. ಮುಂದೆ ಕೂತ ನನಗೆ ಕಾರು ಹೂವಿನಂತೆ ಹೋಗುತ್ತಿತ್ತು, ನಿಜ ಹೇಳುತ್ತೇನೆ. ತಮ್ಮ ಓಡಿಸಿದ್ದರೆ ಅಲ್ಲೇ ಬುಕ್ ಮಾಡಿಬಿಡುತ್ತಿದ್ದ. ಹಿಂದೆ ಬೇರೆಯೇ ಲೋಕ. ಮೊದಲ ಹಂಪಿಗೆ ಜಮಖಾನದ ಸಮೇತ ಕೆಂಚಿ ಜಾರಿ ಅಮ್ಮನ ಕಾಲ ಬಳಿ ಬಿದ್ದಳು, ತೊಗಲಿನಂತೆ ಕಾಣುವ ಆ ಸೀಟು ಅಷ್ಟು ನುಣುಪು. ಹಿಂದಿನ ಕಿಟಕಿ ಮುಕ್ಕಾಲು ಇಳಿದು ನಿಂತಿತು. ಎಸಿ ಗಾಳಿಯ ಕಿಂಡಿ ನಡುವೆ ಇತ್ತು, ಒಳ್ಳೆಯದೇ, ಆದರೆ ಅದು ಕೆಂಚಿಯ ಮೂತಿಗೆ ನೇರ ಬಡಿದು ಅಜ್ಜಿಗೆ ತಲುಪಲಿಲ್ಲ. ಮಣ್ಣುದಾರಿಯಲ್ಲಿ ಕಾರಿನ ಹಿಂಭಾಗ ಕುದುರೆಯಂತೆ ಒದೆಯುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಅಮ್ಮ ಕೈಪಿಡಿಗೆ ಜೋತುಬಿದ್ದಿದ್ದಳು. ‘ಹೇಗಿದೆ?’ ಎಂದರೆ "ಚೆನ್ನಾಗಿದೆ" ಎಂದಳು. ಮೂವತ್ತು ವರ್ಷದಿಂದ ಹಿಂದೆಯೇ ಕೂತು ಬಂದವಳು, ಕೇಳಿದರೆ ಚೆನ್ನಾಗಿದೆ ಎನ್ನುವುದು ಅವಳಿಗೆ ರೂಢಿಯಾಗಿಬಿಟ್ಟಿದೆ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಸುಮ್ಮನಿದ್ದಳು, ಮೊಮ್ಮಗಳ ಉತ್ಸಾಹಕ್ಕೆ ಅಡ್ಡ ಬರಬಾರದಲ್ಲ.

ಕೆಂಚಿಗೆ ಆ ದಾಕ್ಷಿಣ್ಯವಿಲ್ಲ. ಹೆದ್ದಾರಿಯ ಸೇತುವೆ ಇಳಿಯುವಾಗ ಎರಡು ಸಲ ಗಂಟಲು ಎಳೆದು ಜಮಖಾನದ ಮೇಲೆ ವಾಂತಿ ಮಾಡಿದಳು.

ಬದಿಗೆ ನಿಲ್ಲಿಸಿದೆ. ಅಜ್ಜಿ ಇಳಿದು ಕಲ್ಲಿನ ಮೇಲೆ ಕೂತು ಉಸಿರೆಳೆದುಕೊಂಡು ಹೇಳಿದಳು: "ಇವ್ಳು ಮಾಡ್ದಿದ್ರೆ ನಾನ್ ಮಾಡ್ತಿದ್ದೆ ಕಣೇ. ಒಳ್ಳೇ ಕೆಲ್ಸ ಮಾಡುದ್ಲು." ಅಮ್ಮ ಆಗ ಬಾಯಿ ಬಿಟ್ಟಳು. ಸೊಂಟ ಹಿಡಿದುಕೊಂಡಿತ್ತಂತೆ, ಮೊದಲ ಹಂಪಿನಿಂದಲೇ.

ನಾನು ಹೇಳುತ್ತಿರುವುದು ಇದನ್ನೇ. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಏಳು ಕಿಲೋಮೀಟರ್ ಓಡಿಸಿ, ಹಿಂದೆ ಯಾರನ್ನೂ ಕೇಳದೆ, ಹಿಂದಿನವರೂ ಏನೂ ಹೇಳದೆ, ಸಾಲದ ಕಾಗದಕ್ಕೆ ಸಹಿ ಹಾಕುತ್ತೇವೆ. ಕರ್ನಾಟಕದಲ್ಲಿ ಬೆಲೆ ಹತ್ತು ಲಕ್ಷ ದಾಟಿದರೆ ಜೀವಾವಧಿ ತೆರಿಗೆಯೇ ಶೇಕಡ 17. ಅಷ್ಟು ದುಡ್ಡು ಸುರಿದು ಹತ್ತು ವರ್ಷ ‘ಚೆನ್ನಾಗಿದೆ’ ಎನ್ನುವ ಸುಳ್ಳನ್ನು ಮನೆಗೆ ತರುತ್ತೇವೆ. ಮನೆಯ ಹೆಂಗಸರಿಗೆ, ಮುದುಕರಿಗೆ, ಮಕ್ಕಳಿಗೆ ಹಿಂದಿನ ಸೀಟಿನ ಬಗ್ಗೆ ನಿಜ ಹೇಳುವ ರೂಢಿ ಬರುವವರೆಗೆ ಅಲ್ಲೊಂದು ನಾಯಿ ಇರಬೇಕು.

ಜಮಖಾನ ಮಡಚಿ ಡಿಕ್ಕಿಗೆ ಹಾಕಿದೆ. ಹುಡುಗ ಬಾಟಲಿಯ ನೀರು ಸುರಿದು ಬಾಗಿಲ ಅಂಚು ಒರೆಸಲು ಬಂದ, ಬಿಡಲಿಲ್ಲ, ನಾನೇ ಒರೆಸಿದೆ. ಅವನು ಕೆಂಚಿಯ ತಲೆ ಸವರುತ್ತಾ, "ಬುಕಿಂಗ್ ಆಗಲ್ಲ ಅಂತಾಯ್ತು" ಎಂದು ನಕ್ಕ. ಆ ತಿಂಗಳು ಅವನ ಗುರಿ ಮುಟ್ಟಲು ಎರಡು ಗಾಡಿ ಬಾಕಿಯಿತ್ತಂತೆ.

ಬರುವ ಭಾನುವಾರ ಮೂರನೇ ಕಾರು ಅಂಗಳಕ್ಕೆ ಬರುತ್ತದೆ. ಅಪ್ಪ ಈ ಸಲ ತಾನೇ ಹಿಂದೆ ಕೂರುತ್ತೇನೆ ಎಂದಿದ್ದಾನೆ. ತಮ್ಮ ಟೇಪು ಹುಡುಕಿಟ್ಟಿದ್ದಾನೆ. ಅಜ್ಜಿ ಎರಡು ನಿಂಬೆಹಣ್ಣು ಎತ್ತಿಟ್ಟಿದ್ದಾಳೆ, ಚಕ್ರದ ಅಡಿಗಿಡಲು ಅಲ್ಲ, ವಾಂತಿ ಬರದಂತೆ ಮೂಸಲು. ಒಂದು ತನಗೆ, ಒಂದು ಕೆಂಚಿಗೆ. ನಾಯಿಗೆ ನಿಂಬೆ ವಾಸನೆ ಆಗುವುದಿಲ್ಲ ಅಂತ ಅವಳಿಗೆ ಇನ್ನೂ ಯಾರೂ ಹೇಳಿಲ್ಲ.